ಬಾಗಿಲು ಮುಚ್ಚಿದ ಮೇಲೆ ಬಂದವರು: ಅಮೆರಿಕದ ಆರ್ಕೈವಿಸ್ಟರ ಪ್ರಮಾಣಪತ್ರ, ಒಂದು ಪ್ರಕರಣ ಅಧ್ಯಯನ

1987ರಲ್ಲಿ ಅಮೆರಿಕದ ಆರ್ಕೈವಿಸ್ಟರ ಸಂಘ ಒಂದು ತೀರ್ಮಾನಕ್ಕೆ ಬಂತು. ಹಳೇ ದಾಖಲೆಗಳನ್ನು ಕಾಯುವ ಕೆಲಸಕ್ಕೂ ಒಂದು ಪ್ರಮಾಣಪತ್ರ ಇರಲಿ, ಈ ಕೆಲಸ ಬಲ್ಲವರು ಯಾರು ಅಂತ ಹೊರಗಿನವರಿಗೂ ಗೊತ್ತಾಗಲಿ ಅನ್ನೋದು ಅದರ ಆಸೆ. ಎರಡು ವರ್ಷದ ಬಳಿಕ, 1989ರಲ್ಲಿ, ಆ ಪ್ರಮಾಣಪತ್ರ ಕೊಡುವುದಕ್ಕೆಂದೇ ಅಕಾಡೆಮಿ ಆಫ್ ಸರ್ಟಿಫೈಡ್ ಆರ್ಕೈವಿಸ್ಟ್ಸ್ ಹುಟ್ಟಿತು. ಒಳಗೆ ಹೋಗಲು ಎರಡು ಬಾಗಿಲು ಇಟ್ಟರು. ಒಂದು ಅರ್ಜಿಯ ಬಾಗಿಲು. ಅದಾಗಲೇ ವರ್ಷಗಟ್ಟಲೆ ಕೆಲಸ ಮಾಡಿದವರು ತಮ್ಮ ಓದು, ಅನುಭವ ಬರೆದು ಕಳಿಸಿ ಪ್ರಮಾಣಪತ್ರ ಪಡೆಯಬಹುದಿತ್ತು. ಪರೀಕ್ಷೆ ಇಲ್ಲ. ಇದನ್ನು ಶುರುವಿನಲ್ಲಿ ಸ್ವಲ್ಪ ಕಾಲ ಮಾತ್ರ ತೆರೆದಿಟ್ಟರು. ಇನ್ನೊಂದು ಪರೀಕ್ಷೆಯ ಬಾಗಿಲು. ಮೊದಲನೆಯದು ಮುಚ್ಚಿದ ಮೇಲೆ ಬಂದ ಎಲ್ಲರಿಗೂ ಇದೊಂದೇ ದಾರಿ ಉಳಿಯಿತು.

ಇದು ನ್ಯಾಯವೇ? ಈ ಬರಹದಲ್ಲಿ ನಾನು ನೋಡುವುದು ಇಷ್ಟನ್ನೇ. ಅಮೆರಿಕದ ಒಂದು ಸಣ್ಣ ವೃತ್ತಿಯ ಒಳಗಿನ ವಿಷಯ ನಮಗ್ಯಾಕೆ ಅಂತ ಕೇಳಬಹುದು. ನಮ್ಮ ದೇಶದಲ್ಲಿ ಆರ್ಕೈವಿಸ್ಟರಿಗೆ ನೋಂದಣಿ ಪಟ್ಟಿ ಇಲ್ಲ. ಒಂದು ದಿನ ಬರಬಹುದು, ಬರಲಿ ಅಂತ ನನಗೂ ಆಸೆ ಇದೆ. ಬರುವ ದಿನ ಮೊದಲ ಪಟ್ಟಿಯಲ್ಲಿ ಯಾರ ಹೆಸರು ಸೇರುತ್ತದೆ, ಯಾರದು ಬಿಟ್ಟುಹೋಗುತ್ತದೆ ಅನ್ನೋದು ಆಮೇಲೆ ಸರಿಮಾಡಲು ಬಹಳ ಕಷ್ಟದ ವಿಷಯ. ಅದಕ್ಕೇ ಬೇರೆಯವರು ಹೇಗೆ ಮಾಡಿದರು ಅಂತ ನಿಧಾನಕ್ಕೆ ನೋಡಬೇಕು.

ಕೆಲಸ ಮತ್ತು ಅದನ್ನು ಕಲಿತ ಬಗೆ

ಆರ್ಕೈವಿಸ್ಟ್ ಅಂದರೆ ಲೈಬ್ರರಿಯನ್ ಅಂತಲೇ ಬಹಳ ಜನ ತಿಳಿದಿದ್ದಾರೆ. ಕೆಲಸ ಬೇರೆ. ಲೈಬ್ರರಿಯ ಪುಸ್ತಕ ಕಳೆದುಹೋದರೆ ಇನ್ನೊಂದು ಪ್ರತಿ ಎಲ್ಲಾದರೂ ಸಿಗುತ್ತದೆ. ಕಡತ ಕಳೆದರೆ ಮುಗಿಯಿತು, ಅದು ಜಗತ್ತಿನಲ್ಲಿ ಒಂದೇ ಇತ್ತು. ಒಂದು ಕಚೇರಿ ಮುಚ್ಚಿತು, ನೂರಾರು ಪೆಟ್ಟಿಗೆ ಕಾಗದ ಬಂದು ಬಿತ್ತು ಅಂದುಕೊಳ್ಳಿ. ಅದರಲ್ಲಿ ಯಾವುದನ್ನು ಉಳಿಸಬೇಕು, ಯಾವುದನ್ನು ಬಿಡಬೇಕು? ಉಳಿಸಿದ್ದನ್ನು ವಿಷಯದ ಪ್ರಕಾರ ಜೋಡಿಸಬಾರದು, ಆ ಕಚೇರಿ ಇಟ್ಟುಕೊಂಡಿದ್ದ ಕ್ರಮದಲ್ಲೇ ಇಡಬೇಕು. ಯಾಕೆಂದರೆ ಆ ಕ್ರಮವೇ ಒಂದು ಸಾಕ್ಷಿ. ಯಾರಿಗೆ ತೋರಿಸಬಹುದು, ಎಷ್ಟು ವರ್ಷದ ಬಳಿಕ ತೋರಿಸಬಹುದು ಅನ್ನೋದು ಇನ್ನೊಂದು ತಲೆನೋವು. ತಪ್ಪು ಮಾಡಿದರೆ ಆ ಹೊತ್ತಿಗೆ ಯಾರಿಗೂ ಗೊತ್ತಾಗುವುದಿಲ್ಲ. ಐವತ್ತು ವರ್ಷ ಬಿಟ್ಟು ಯಾರೋ ಒಬ್ಬರು ತಮ್ಮ ಅಜ್ಜಿಯ ಪಿಂಚಣಿ ಕಾಗದ ಹುಡುಕಿಕೊಂಡು ಬಂದಾಗ ಗೊತ್ತಾಗುತ್ತದೆ.

ಇಷ್ಟು ಹೊಣೆ ಇರುವ ಕೆಲಸಕ್ಕೆ ಅಮೆರಿಕದಲ್ಲಿ ಬಹುಕಾಲ ಗೊತ್ತಾದ ಓದು ಇರಲಿಲ್ಲ. ಅಲ್ಲಿನ ರಾಷ್ಟ್ರೀಯ ದಾಖಲೆ ಸಂಸ್ಥೆ ಶುರುವಾದದ್ದು 1934ರಲ್ಲಿ. ಆರ್ಕೈವಿಸ್ಟರ ಸಂಘ, ಅಂದರೆ ಸೊಸೈಟಿ ಆಫ್ ಅಮೆರಿಕನ್ ಆರ್ಕೈವಿಸ್ಟ್ಸ್, 1936ರದು. ಮೊದಲ ತಲೆಮಾರಿನವರಲ್ಲಿ ಹೆಚ್ಚಿನವರು ಇತಿಹಾಸ ಓದಿದವರು. ಕೆಲಸ ಕಲಿತದ್ದು ಕೆಲಸ ಮಾಡುತ್ತಲೇ. ಇಲಿನಾಯ್ ರಾಜ್ಯದ ದಾಖಲೆಗಳನ್ನು 1922ರಿಂದ 1957ರವರೆಗೆ ನೋಡಿಕೊಂಡ ಮಾರ್ಗರೆಟ್ ಕ್ರಾಸ್ ನಾರ್ಟನ್ ಅವರಂತೂ ಇದನ್ನು ಇತಿಹಾಸಕಾರರ ಕೆಲಸ ಅಂತ ಒಪ್ಪಲೇ ಇಲ್ಲ. ದಾಖಲೆ ಮೊದಲು ಆಡಳಿತಕ್ಕೆ, ಜನರ ಹಕ್ಕಿಗೆ ಬೇಕಾದದ್ದು ಅನ್ನೋದು ಅವರ ವಾದ.

ಇನ್ನೊಬ್ಬರ ಹೆಸರು ಇಲ್ಲಿ ಹೇಳಲೇಬೇಕು. ಅರ್ನ್ಸ್ಟ್ ಪೋಸ್ನರ್ ಜರ್ಮನಿಯ ಪ್ರಷ್ಯಾ ರಾಜ್ಯದ ಸರ್ಕಾರಿ ದಾಖಲೆ ಸಂಸ್ಥೆಯಲ್ಲಿ ಕೆಲಸ ಮಾಡಿದವರು. ಯಹೂದಿ ಮೂಲದವರು ಅನ್ನೋ ಕಾರಣಕ್ಕೆ ನಾಜಿಗಳು ಅವರನ್ನು ಕೆಲಸದಿಂದ ತೆಗೆದರು. 1938ರಲ್ಲಿ ಸಾಕ್ಸನ್‌ಹೌಸನ್ ಸೆರೆಶಿಬಿರಕ್ಕೂ ಹಾಕಿದರು. 1939ರಲ್ಲಿ ಅವರು ಅಮೆರಿಕಕ್ಕೆ ಬಂದು ವಾಷಿಂಗ್ಟನ್‌ನ ಅಮೆರಿಕನ್ ಯೂನಿವರ್ಸಿಟಿಯಲ್ಲಿ ಪಾಠ ಹೇಳಲು ನಿಂತರು. ಅಮೆರಿಕದ ಒಂದು ತಲೆಮಾರಿನ ಆರ್ಕೈವಿಸ್ಟರು ಅವರ ಕೈಯಲ್ಲಿ ತಯಾರಾದರು. ಮುಂದೆ ಅವರು ಆ ಸಂಘದ ಅಧ್ಯಕ್ಷರೂ ಆದರು. 1939ರಲ್ಲಿ ಅಲ್ಲೊಂದು ನೋಂದಣಿ ಪಟ್ಟಿ ಇದ್ದು, ಈ ದೇಶದ ಪದವಿ, ಈ ದೇಶದ ಅನುಭವ ಇದ್ದವರಿಗೆ ಮಾತ್ರ ಜಾಗ ಅಂತ ನಿಯಮ ಇದ್ದಿದ್ದರೆ? ಕಲಿಸಲು ಬಂದ ಮೇಷ್ಟ್ರೇ ಹೊರಗೆ ನಿಲ್ಲಬೇಕಾಗುತ್ತಿತ್ತು. ನೋಂದಣಿ ನಿಯಮದ ಮಾತು ಬಂದಾಗಲೆಲ್ಲ ನನಗೆ ಪೋಸ್ನರ್ ನೆನಪಾಗುತ್ತಾರೆ.

ಯಾಕೆ ಬೇಕಾಯಿತು

1970ರ ದಶಕ, 80ರ ದಶಕದಲ್ಲಿ ಈ ಚರ್ಚೆ ಜೋರಾಯಿತು. ಕಾರಣ ಅರ್ಥ ಮಾಡಿಕೊಳ್ಳುವುದು ಕಷ್ಟವಲ್ಲ. ಯಾವುದೋ ಕಾಲೇಜು, ಚರ್ಚು, ಕಂಪನಿ ತನ್ನ ದಾಖಲೆ ನೋಡಿಕೊಳ್ಳಲು ಜನ ಬೇಕು ಅಂತ ಜಾಹೀರಾತು ಕೊಡುತ್ತದೆ. ಯಾರು ಅರ್ಹರು ಅಂತ ಆಯ್ಕೆ ಮಾಡುವವರಿಗೇ ಗೊತ್ತಿಲ್ಲ. ಲೈಬ್ರರಿ ಪದವಿ ಇದ್ದವರನ್ನೋ, ಇತಿಹಾಸ ಓದಿದವರನ್ನೋ, ಆಫೀಸಿನಲ್ಲಿ ಕೆಲಸ ಕಡಿಮೆ ಇರುವವರನ್ನೋ ಕೂರಿಸುತ್ತಾರೆ. ಸಂಬಳ ಕಡಿಮೆ, ಗೌರವವೂ ಕಡಿಮೆ.

ಮೂರು ದಾರಿ ಕಂಡವು. ಓದಿಸುವ ವಿಶ್ವವಿದ್ಯಾಲಯಗಳ ಕೋರ್ಸಿಗೆ ಮಾನ್ಯತೆ ಕೊಡುವುದು, ದಾಖಲೆ ಇಟ್ಟಿರುವ ಸಂಸ್ಥೆಗಳನ್ನೇ ಪರಿಶೀಲಿಸುವುದು, ಒಬ್ಬೊಬ್ಬ ವ್ಯಕ್ತಿಗೂ ಪ್ರಮಾಣಪತ್ರ ಕೊಡುವುದು. ಕೋರ್ಸುಗಳಿಗೆ ಮಾನ್ಯತೆ ಕೊಡುವುದು ದುಬಾರಿ ಕೆಲಸ, ಸಣ್ಣ ಸಂಘದ ಕೈಗೆ ಎಟುಕುವುದಲ್ಲ. ಕೊನೆಗೆ ವ್ಯಕ್ತಿಗಳ ಕಡೆಗೇ ಬಂದರು.

ವಿರೋಧ ಕಡಿಮೆ ಇರಲಿಲ್ಲ. ಆ ದೇಶದಲ್ಲಿ ಇಡೀ ಆರ್ಕೈವ್ಸ್‌ಗೆ ಒಬ್ಬರೇ ಇರುವ ಜಾಗಗಳು ಬಹಳ. ಪೆಟ್ಟಿಗೆ ಹೊರುವುದು, ಪಟ್ಟಿ ಬರೆಯುವುದು, ಬಂದವರಿಗೆ ಉತ್ತರ ಕೊಡುವುದು ಎಲ್ಲ ಅವರೇ. ಅಂಥವರು ಫೀಸು ಕಟ್ಟಿ, ರಜೆ ಹಾಕಿ, ಪರೀಕ್ಷೆಗೆ ಓದಬೇಕು. ಅವರ ಸಂಸ್ಥೆ ಅದಕ್ಕೆ ಒಂದು ಡಾಲರೂ ಕೊಡದೇ ಇರಬಹುದು. ಇದರಿಂದ ಸಂಬಳ ಹೆಚ್ಚುತ್ತದಾ? ಯಾರೂ ಖಾತ್ರಿ ಕೊಡಲಿಲ್ಲ.

ಒಂದು ಮಾತು ಸ್ಪಷ್ಟ ಮಾಡಿಬಿಡುತ್ತೇನೆ. ಇದು ಲೈಸೆನ್ಸ್ ಅಲ್ಲ. ವೈದ್ಯರ ಹಾಗೆ, ವಕೀಲರ ಹಾಗೆ, ಇದಿಲ್ಲದೆ ಕೆಲಸ ಮಾಡಬಾರದು ಅನ್ನುವ ಕಾನೂನು ಇಲ್ಲ. ಇಷ್ಟವಿದ್ದವರು ತೆಗೆದುಕೊಳ್ಳಬಹುದು. ಸಾವಿರಕ್ಕೂ ಹೆಚ್ಚು ಜನ ತೆಗೆದುಕೊಂಡಿದ್ದಾರೆ, ತೆಗೆದುಕೊಳ್ಳದೇ ಒಳ್ಳೆಯ ಕೆಲಸ ಮಾಡುತ್ತಿರುವವರು ಅದಕ್ಕಿಂತ ಜಾಸ್ತಿ. ಹಾಗಿದ್ದರೆ ನ್ಯಾಯ ಅನ್ಯಾಯದ ಮಾತು ಯಾಕೆ? ಯಾಕೆಂದರೆ ಜಾಹೀರಾತಿನಲ್ಲಿ ‘ಪ್ರಮಾಣಪತ್ರ ಇದ್ದವರಿಗೆ ಆದ್ಯತೆ’ ಅಂತ ಒಂದು ಸಾಲು ಸೇರಿದ ದಿನ, ಇಷ್ಟವಿದ್ದರೆ ಅನ್ನುವ ಮಾತು ಮುಗಿಯಿತು. ಕೆಲಸ ಬೇಕಾದವರಿಗೆ ಅದು ಬಾಗಿಲೇ.

ಒಂದೇ ಮೇಜಿನ ಇಬ್ಬರು

ಈಗ ಪ್ರಕರಣದ ನಡುಮಧ್ಯಕ್ಕೆ ಬರೋಣ. ಒಂದು ಊಹೆ ಮಾಡಿಕೊಳ್ಳಿ. ಒಂದೇ ಕಾಲೇಜಿನ ಆರ್ಕೈವ್ಸ್, ಒಂದೇ ಮೇಜು, ಎದುರುಬದುರು ಇಬ್ಬರು ಹೆಂಗಸರು. ಒಬ್ಬರು 1978ರಲ್ಲಿ ಕೆಲಸಕ್ಕೆ ಸೇರಿದವರು, ಇನ್ನೊಬ್ಬರು 1988ರಲ್ಲಿ. 1989ರಲ್ಲಿ ಹಿರಿಯರು ಅರ್ಜಿ ಬರೆದರು, ಪ್ರಮಾಣಪತ್ರ ಬಂತು. ಕಿರಿಯರಿಗೆ ಆಗ ಒಂದು ವರ್ಷದ ಅನುಭವ, ಅರ್ಜಿಗೆ ಸಾಲದು. ಇದು ಸರಿಯೇ, ಇದರಲ್ಲಿ ತಕರಾರಿಲ್ಲ. ಆದರೆ 1999ಕ್ಕೆ ಬನ್ನಿ. ಹಿರಿಯರು ಅರ್ಜಿ ಹಾಕಿದ ದಿನ ಅವರಿಗೆ ಎಷ್ಟು ಅನುಭವ ಇತ್ತೋ, ಈಗ ಕಿರಿಯರಿಗೂ ಅಷ್ಟೇ ಇದೆ. ಬಹುಶಃ ಹೆಚ್ಚು ಪೆಟ್ಟಿಗೆ ಜೋಡಿಸಿರಬಹುದು, ಕಂಪ್ಯೂಟರ್ ಪಟ್ಟಿ ಮಾಡಿದವರೂ ಇವರೇ ಇರಬಹುದು. ಆದರೂ ಇವರು ಪರೀಕ್ಷೆಗೆ ಕೂರಬೇಕು. ಹಿರಿಯರು ಕೂರಬೇಕಾಗಿರಲಿಲ್ಲ. ಇಬ್ಬರ ನಡುವೆ ಇರುವ ವ್ಯತ್ಯಾಸ ಒಂದೇ, ಕೆಲಸಕ್ಕೆ ಸೇರಿದ ವರ್ಷ.

ಹತ್ತು ವರ್ಷದ ಕೆಲಸ ಒಬ್ಬರಿಗೆ ಸಾಕ್ಷಿ ಆದರೆ ಇನ್ನೊಬ್ಬರಿಗೂ ಸಾಕ್ಷಿ ಆಗಬೇಕು, ಅಲ್ವಾ? ಆಗುವುದಿಲ್ಲ ಅಂದರೆ ಮೊದಲಿನವರಿಗೂ ಆಗಿರಬಾರದಿತ್ತು. ಈ ಗಂಟನ್ನು ಬಿಡಿಸದೆ ಮುಂದೆ ಹೋಗುವ ಹಾಗಿಲ್ಲ.

ಹಳಬರಿಗೆ ವಿನಾಯಿತಿ, ಹೊಸಬರಿಗೆ ನಿಯಮ. ಇದಕ್ಕೆ ಅಮೆರಿಕದಲ್ಲಿ ಅಜ್ಜನ ಹೆಸರಿಟ್ಟು ‘ಗ್ರಾಂಡ್‌ಫಾದರ್ ಕ್ಲಾಸ್’, ಅಂದರೆ ಅಜ್ಜನ ನಿಯಮ, ಅಂತ ಕರೆಯುತ್ತಾರೆ. ಆ ಹೆಸರಿನ ಹಿಂದೆ ಒಂದು ಕಹಿ ಕಥೆ ಇದೆ. 1910ರಲ್ಲಿ ಒಕ್ಲಹೋಮ ರಾಜ್ಯ ಮತದಾರರಿಗೆ ಓದು ಬರಹದ ಪರೀಕ್ಷೆ ಇಟ್ಟಿತು. ಆದರೆ 1866ರ ಜನವರಿ 1ಕ್ಕೆ ಮತದ ಹಕ್ಕಿದ್ದವರು ಮತ್ತು ಅವರ ಸಂತತಿಯವರು ಈ ಪರೀಕ್ಷೆ ಕೊಡಬೇಕಿಲ್ಲ ಅಂತ ಸೇರಿಸಿತು. ಆ ದಿನ ಮತದ ಹಕ್ಕು ಯಾರಿಗಿತ್ತು? ಬಿಳಿಯರ ಅಜ್ಜಂದಿರಿಗೆ. ಗುಲಾಮರಾಗಿದ್ದವರ ಮೊಮ್ಮಕ್ಕಳು ಮಾತ್ರ ಪರೀಕ್ಷೆಗೆ ಸಿಕ್ಕಿಬಿದ್ದರು. 1915ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಇದನ್ನು ಹೊಡೆದುಹಾಕಿತು. ಆರ್ಕೈವಿಸ್ಟರ ನಿಯಮವನ್ನು ಆ ಕೆಟ್ಟ ನಿಯಮದ ಪಕ್ಕದಲ್ಲಿ ಇಡುವುದು ಸರಿಯಲ್ಲ, ಉದ್ದೇಶ ಪೂರ್ತಿ ಬೇರೆ. ಆದರೂ ನಿಯಮದ ಕಟ್ಟೋಣ ಒಂದೇ ಥರ ಇದ್ದಾಗ, ಅದರ ಹೊರೆ ಯಾರ ತಲೆ ಮೇಲೆ ಬೀಳುತ್ತದೆ ಅಂತ ಕೇಳಲೇಬೇಕು.

ನನಗೆ ಹೆಚ್ಚು ಹತ್ತಿರ ಅನ್ನಿಸುವುದು 1971ರ ಇನ್ನೊಂದು ತೀರ್ಪು, ಗ್ರಿಗ್ಸ್ ಮತ್ತು ಡ್ಯೂಕ್ ಪವರ್ ಕಂಪನಿ ನಡುವಿನದು. ಉತ್ತರ ಕ್ಯಾರೊಲಿನಾದ ಡ್ಯಾನ್ ರಿವರ್ ವಿದ್ಯುತ್ ಕೇಂದ್ರದಲ್ಲಿ 95 ನೌಕರರು, ಅವರಲ್ಲಿ 14 ಜನ ಕಪ್ಪು ಜನಾಂಗದವರು. ಅವರಿಗೆ ಅಲ್ಲಿ ಕೂಲಿ ವಿಭಾಗದಲ್ಲಿ ಮಾತ್ರ ಕೆಲಸ ಕೊಡುತ್ತಿದ್ದರು. ಒಳ್ಳೆಯ ಸಂಬಳದ ವಿಭಾಗಕ್ಕೆ ಹೋಗಲು ಹೈಸ್ಕೂಲ್ ಮುಗಿಸಿರಬೇಕು ಅನ್ನುವ ನಿಯಮ 1955ರಲ್ಲಿ ಬಂತು. 1965ರಲ್ಲಿ, ಉದ್ಯೋಗದಲ್ಲಿ ಜನಾಂಗ ಭೇದ ನಿಷೇಧಿಸುವ ಕಾನೂನು ಜಾರಿಗೆ ಬಂದ ದಿನವೇ, ಬುದ್ಧಿಪರೀಕ್ಷೆಯ ನಿಯಮವೂ ಸೇರಿತು. 13 ಜನ ಕೋರ್ಟಿಗೆ ಹೋದರು. ನ್ಯಾಯಾಧೀಶರು ಒಂದು ಸರಳ ಸಂಗತಿ ಗಮನಿಸಿದರು. ಈ ನಿಯಮ ಬರುವ ಮೊದಲು ಸೇರಿದ ಬಿಳಿಯ ನೌಕರರಲ್ಲಿ ಹೈಸ್ಕೂಲ್ ಮುಗಿಸದವರಿದ್ದರು, ಪರೀಕ್ಷೆ ಬರೆಯದವರಿದ್ದರು. ಅವರೆಲ್ಲ ಚೆನ್ನಾಗಿಯೇ ಕೆಲಸ ಮಾಡುತ್ತಿದ್ದರು, ಬಡ್ತಿಯನ್ನೂ ಪಡೆಯುತ್ತಿದ್ದರು. ಹಾಗಿದ್ದ ಮೇಲೆ ಈ ಕೆಲಸಕ್ಕೆ ಆ ಅರ್ಹತೆ ಬೇಕು ಅನ್ನೋದಕ್ಕೆ ಆಧಾರ ಏನು? ಕೆಲಸಕ್ಕೆ ಸಂಬಂಧ ಇಲ್ಲದ, ಒಂದು ಗುಂಪಿನ ಮೇಲೇ ಹೆಚ್ಚು ಬೀಳುವ ಅರ್ಹತೆಯನ್ನು ಇಡಬಾರದು ಅಂತ ಕೋರ್ಟ್ ಹೇಳಿತು.

ಇದು ಕಂಪನಿಗಳಿಗೆ ಸಂಬಂಧಿಸಿದ ತೀರ್ಪು. ತಾವಾಗಿ ಸೇರುವ ಪ್ರಮಾಣಪತ್ರದ ಸಂಸ್ಥೆಗೆ ಹಾಗೇ ಅನ್ವಯಿಸುವುದಿಲ್ಲ. ಆದರೆ ಅದರೊಳಗಿನ ಯೋಚನೆ ಎಲ್ಲ ನೋಂದಣಿಗೂ ಒಂದು ಅಳತೆಗೋಲು ಅಂತ ನಾನು ನಂಬಿದ್ದೇನೆ. ವಿನಾಯಿತಿ ಪಡೆದ ಹಳಬರು ಚೆನ್ನಾಗಿ ಕೆಲಸ ಮಾಡುತ್ತಿದ್ದಾರೆ ಅಂದರೆ, ಪರೀಕ್ಷೆಗಿಂತ ಬೇರೆ ದಾರಿಯಲ್ಲೂ ಒಳ್ಳೆಯ ಕೆಲಸಗಾರರು ಬರುತ್ತಾರೆ ಅಂತ ಆ ಸಂಸ್ಥೆಯೇ ಒಪ್ಪಿಕೊಂಡಂತೆ.

ಸಂಸ್ಥೆಯ ಕಡೆಯ ಮಾತು

ಅಕಾಡೆಮಿಯ ಕಡೆಯಿಂದಲೂ ನೋಡಬೇಕು, ಅವರ ಮಾತಿನಲ್ಲಿ ತೂಕ ಇದೆ. ಯಾವ ಪಟ್ಟಿಯಾದರೂ ಎಲ್ಲಿಂದಲೋ ಶುರುವಾಗಬೇಕು. ಪರೀಕ್ಷೆ ಬೇಕು ಅಂದರೆ ಪ್ರಶ್ನೆ ಬರೆಯುವವರು ಬೇಕು. ಅವರಿಗೆ ಪರೀಕ್ಷೆ ಮಾಡಿದವರು ಯಾರು? ಮೊದಲ ಸಾಲಿನವರನ್ನು ಅನುಭವ ನೋಡಿಯೇ ಒಳಗೆ ಬಿಡಬೇಕು, ಬೇರೆ ದಾರಿ ಇಲ್ಲ.

ನಮ್ಮ ಕಾನೂನುಗಳೂ ಹೀಗೇ ಮಾಡಿವೆ. 1948ರ ಫಾರ್ಮಸಿ ಕಾಯ್ದೆ ಬಂದಾಗ ಮೊದಲ ರಿಜಿಸ್ಟರಿಗೆ ಡಿಪ್ಲೊಮಾ ಇಲ್ಲದವರೂ ಸೇರಬಹುದಿತ್ತು, ಆಸ್ಪತ್ರೆಯಲ್ಲೋ ಔಷಧಾಲಯದಲ್ಲೋ ಐದು ವರ್ಷ ಔಷಧಿ ಬೆರೆಸಿ ಕೊಟ್ಟ ಅನುಭವ ಇದ್ದರೆ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯೂ ಪದವಿ ಇಲ್ಲದೆ ಐದು ವರ್ಷ ಕೆಲಸ ಮಾಡಿದ್ದವರಿಗೆ ಜಾಗ ಕೊಟ್ಟಿತು. ಹಾಗೆ ಮಾಡದಿದ್ದರೆ, ಅಷ್ಟು ದಿನ ಆ ಕೆಲಸದಲ್ಲೇ ಬದುಕಿದವರ ಅನ್ನಕ್ಕೆ ಕಲ್ಲು ಬೀಳುತ್ತಿತ್ತು. ಹಳಬರಿಗೆ ಕೊಡುವ ವಿನಾಯಿತಿ ಅನ್ಯಾಯ ಅಂತ ನಾನು ಹೇಳುತ್ತಿಲ್ಲ. ಅದು ಬೇಕೇಬೇಕು. ನನ್ನ ತಕರಾರು, ಆ ಬಾಗಿಲನ್ನು ಒಂದು ದಿನ ಮುಚ್ಚಿ ಮತ್ತೆ ತೆರೆಯದೇ ಬಿಟ್ಟದ್ದರ ಬಗ್ಗೆ.

ಅಮೆರಿಕದವರು ಇನ್ನೊಂದು ಒಳ್ಳೆಯ ಕೆಲಸ ಮಾಡಿದರು. ಪ್ರಮಾಣಪತ್ರ ಒಮ್ಮೆ ಬಂದರೆ ಸಾಯುವವರೆಗೂ ಇರುವುದಿಲ್ಲ. ಐದು ವರ್ಷಕ್ಕೊಮ್ಮೆ ನವೀಕರಿಸಬೇಕು. ಐದು ವರ್ಷದಲ್ಲಿ ಮಾಡಿದ ಕೆಲಸ, ಕಲಿತದ್ದು, ಬರೆದದ್ದು, ಸಂಘಕ್ಕೆ ದುಡಿದದ್ದು ಲೆಕ್ಕ ಕೊಟ್ಟರೂ ಆಯಿತು, ಮತ್ತೆ ಪರೀಕ್ಷೆ ಬರೆದರೂ ಆಯಿತು. ಅರ್ಜಿಯಿಂದ ಬಂದವರಿಗೂ ಇದೇ ನಿಯಮ. ಹಾಗಾಗಿ ಅವರದು ಪೂರ್ತಿ ಪುಕ್ಕಟೆ ಪ್ರವೇಶ ಅಲ್ಲ. ಆದರೆ ಇಲ್ಲೇ ಒಂದು ವಿಚಿತ್ರ ನೋಡಿ. ನವೀಕರಣಕ್ಕೆ ಕೆಲಸದ ಲೆಕ್ಕ ಸಾಕು ಅಂತ ಒಪ್ಪುತ್ತಾರೆ. ಅಂದರೆ ಕೆಲಸವನ್ನು ತೂಗುವುದು ಅವರಿಗೆ ಗೊತ್ತು, ತೂಗುತ್ತಲೂ ಇದ್ದಾರೆ. ಒಳಗಿದ್ದವರ ಕೆಲಸವನ್ನು ಆ ತಕ್ಕಡಿಯಲ್ಲಿ ಇಡಬಹುದು, ಹೊಸದಾಗಿ ಬರುವವರ ಕೆಲಸವನ್ನು ಮಾತ್ರ ಇಡಬಾರದಾ?

ಪರೀಕ್ಷೆಯನ್ನು ನಾನು ಹಗುರವಾಗಿ ನೋಡುವುದಿಲ್ಲ. ಅದು 100 ಪ್ರಶ್ನೆಯ, ಉತ್ತರ ಆರಿಸುವ ಮಾದರಿಯದು, ಮೂರು ಗಂಟೆಯ ಸಮಯ. ದಾಖಲೆ ಆರಿಸುವುದು, ಜೋಡಿಸಿ ವಿವರ ಬರೆಯುವುದು, ಓದುಗರಿಗೆ ಒದಗಿಸುವುದು, ಹಾಳಾಗದಂತೆ ಕಾಯುವುದು, ಜನರಿಗೆ ತಲುಪಿಸುವುದು, ಸಂಸ್ಥೆ ನಡೆಸುವುದು, ಕಾನೂನು ಮತ್ತು ನೀತಿಯ ಹೊಣೆ, ಈ ಎಲ್ಲದರಿಂದ ಪ್ರಶ್ನೆ ಬರುತ್ತವೆ. ಇಂಥ ಪರೀಕ್ಷೆಯ ದೊಡ್ಡ ಗುಣ ಅಂದರೆ ಅದಕ್ಕೆ ಮುಖ ಕಾಣುವುದಿಲ್ಲ. ನೀವು ಹಾರ್ವರ್ಡಿನವರೋ ಯಾವುದೋ ಸಣ್ಣ ಊರಿನ ಕಾಲೇಜಿನವರೋ, ನಿಮ್ಮ ಮೇಲಧಿಕಾರಿ ಪ್ರಭಾವಿಯೋ ಅಲ್ಲವೋ, ನಿಮ್ಮ ಹೆಸರು ಯಾವ ದೇಶದ್ದು ಅಂತ ಉತ್ತರ ಪತ್ರಿಕೆಗೆ ಗೊತ್ತಾಗುವುದಿಲ್ಲ. ಕೆಲಸದ ಕಡತ ನೋಡಿ ತೀರ್ಮಾನಿಸುವಾಗ ಈ ಭರವಸೆ ಇರುವುದಿಲ್ಲ. ಓದುವವರ ಮನಸ್ಸು ನಡುವೆ ಬರುತ್ತದೆ. ಚೆನ್ನಾಗಿ ಇಂಗ್ಲಿಷ್ ಬರೆಯುವವರ ಸಾಧಾರಣ ಕೆಲಸವೂ ದೊಡ್ಡದಾಗಿ ಕಾಣುತ್ತದೆ. ಹೊರದೇಶದಿಂದ ಹೋದ ನಮ್ಮಂಥವರಿಗೆ ಮುಖ ಕಾಣದ ಪರೀಕ್ಷೆಯೇ ಹೆಚ್ಚು ನ್ಯಾಯದ್ದು ಅನ್ನಿಸುವುದು ಸಹಜ. ಪರೀಕ್ಷೆ ಕೇಂದ್ರಗಳ ವಿಷಯದಲ್ಲೂ ಅವರು ಯೋಚಿಸಿದ್ದರು. ಗೊತ್ತಾದ ಊರುಗಳಲ್ಲದೆ, ಐದು ಜನ ಸೇರಿ ಕೇಳಿದರೆ ಅವರ ಊರಿನಲ್ಲೇ ಪರೀಕ್ಷೆ ನಡೆಸುವ ಪದ್ಧತಿ ಇತ್ತು. ದೂರದ ಊರಿನಲ್ಲಿ ಒಬ್ಬರೇ ದುಡಿಯುವವರಿಗೆ ಇದು ಸಣ್ಣ ಉಪಕಾರವಲ್ಲ.

ಆದರೆ ಪರೀಕ್ಷೆಯ ಮುಂದೆಯೂ ಒಂದು ಹೊಸ್ತಿಲು ಇದೆ. ಬಹುಕಾಲ ಇದ್ದ ನಿಯಮ ಹೀಗೆ: ಸ್ನಾತಕೋತ್ತರ ಪದವಿ ಬೇಕು. ಅದರಲ್ಲಿ ಆರ್ಕೈವ್ಸ್ ವಿಷಯದ ಪಾಠ ಸಾಕಷ್ಟು ಇದ್ದರೆ ಒಂದು ವರ್ಷದ ಅನುಭವ, ಇಲ್ಲದಿದ್ದರೆ ಎರಡು ವರ್ಷದ್ದು. ಅಮೆರಿಕದಲ್ಲಿ ಸ್ನಾತಕೋತ್ತರ ಓದು ಅಂದರೆ ಸಾಲ. ಆರ್ಕೈವಿಸ್ಟರ ಸಂಬಳದಲ್ಲಿ ಆ ಸಾಲ ತೀರಿಸಲು ವರ್ಷಗಳು ಬೇಕು. ಅನುಭವ ಸಿಗಬೇಕಾದರೆ ಕೆಲಸ ಸಿಗಬೇಕು, ಕೆಲಸಕ್ಕೆ ಅನುಭವ ಕೇಳುತ್ತಾರೆ. ಆ ಕ್ಷೇತ್ರದಲ್ಲಿ ಅನುದಾನ ಇರುವಷ್ಟು ದಿನ, ಒಂದೋ ಎರಡೋ ವರ್ಷ ಮಾತ್ರ ಇರುವ ಕೆಲಸಗಳು ಬಹಳ. ಸಂಬಳವಿಲ್ಲದ ಇಂಟರ್ನ್‌ಶಿಪ್ ಮಾಡುವ ಶಕ್ತಿ ಯಾರಿಗಿದೆ? ಮನೆಯಲ್ಲಿ ದುಡ್ಡಿದ್ದವರಿಗೆ. ಮುಖ ನೋಡದ ಪರೀಕ್ಷೆ ಇಟ್ಟರೂ, ಅಲ್ಲಿಗೆ ಬಂದು ಕೂರುವವರನ್ನು ಜೇಬು ನೋಡಿಯೇ ಆರಿಸಿದಂತಾಯಿತು. ಅಕಾಡೆಮಿ ಇದನ್ನು ಸ್ವಲ್ಪ ಸಡಿಲ ಮಾಡಿದೆ. ಅನುಭವ ಸಾಲದವರೂ ಮೊದಲು ಪರೀಕ್ಷೆ ಬರೆದು ತಾತ್ಕಾಲಿಕ ಪ್ರಮಾಣಪತ್ರ ಪಡೆಯಬಹುದು, ಅನುಭವ ಆಮೇಲೆ ತುಂಬಿಸಬಹುದು. ಈ ಬದಲಾವಣೆಯನ್ನು ನಾನು ಮೆಚ್ಚುತ್ತೇನೆ. ಸ್ನಾತಕೋತ್ತರ ಪದವಿಯ ಹೊಸ್ತಿಲು ಮಾತ್ರ ಪರೀಕ್ಷೆ ಇದ್ದೂ ಯಾಕೆ ಬೇಕು ಅಂತ ನನಗೆ ಅರ್ಥವಾಗಿಲ್ಲ. ಪರೀಕ್ಷೆ ನಿಜವಾಗಿ ಕೆಲಸದ ಜ್ಞಾನವನ್ನು ಅಳೆಯುವುದಾದರೆ, ಹದಿನೈದು ವರ್ಷ ಕೆಲಸ ಮಾಡಿದ ಬರೀ ಬಿ.ಎ. ಪಾಸಾದವರು ಬಂದು ಬರೆಯಲಿ ಬಿಡಿ. ಪಾಸಾದರೆ ಬಲ್ಲವರು ಅಂತಲೇ ಅರ್ಥ ತಾನೇ?

ಬ್ರಿಟನ್ನಿನ ದಾರಿ ಬೇರೆ. ಅಲ್ಲಿ 1947ರಿಂದಲೇ ಲಂಡನ್ ಯೂನಿವರ್ಸಿಟಿ ಕಾಲೇಜಿನಲ್ಲಿ, ಲಿವರ್‌ಪೂಲಿನಲ್ಲಿ ಆರ್ಕೈವಿಸ್ಟರಿಗೆ ಓದು ಶುರುವಾಗಿತ್ತು. ಹಾಗಾಗಿ ಡಿಪ್ಲೊಮಾಗೆ ಅಲ್ಲಿ ಹೆಚ್ಚು ಬೆಲೆ. 2010ರಲ್ಲಿ ಹಳೇ ಸಂಘಗಳು ಸೇರಿ ಆರ್ಕೈವ್ಸ್ ಅಂಡ್ ರೆಕಾರ್ಡ್ಸ್ ಅಸೋಸಿಯೇಷನ್ ಆಯಿತು. ಈಗ ಅಲ್ಲಿ ಮೂರು ಹಂತ ಇವೆ: ಫೌಂಡೇಷನ್, ರಿಜಿಸ್ಟರ್ಡ್, ಫೆಲೋ. ನೂರು ಪ್ರಶ್ನೆಯ ಪರೀಕ್ಷೆ ಇಲ್ಲ. ತಾನು ಏನು ಮಾಡಬಲ್ಲೆ ಅಂತ ಕೆಲಸದ ಉದಾಹರಣೆ ಕೊಟ್ಟು ತೋರಿಸಬೇಕು. ಆ ಬಾಗಿಲಿಗೆ ಕೊನೆಯ ದಿನಾಂಕ ಇಲ್ಲ. ಕಿರಿಯರು ಹತ್ತು ವರ್ಷ ಬಿಟ್ಟು ಬಂದರೂ ಅದು ತೆರೆದೇ ಇರುತ್ತದೆ. ಓದುವವರ ಮನಸ್ಸಿನ ಸಮಸ್ಯೆ ಅಲ್ಲೂ ಇದ್ದೇ ಇದೆ. ಆದರೆ ಕೆಲಸಕ್ಕೆ ಸೇರಿದ ವರ್ಷದ ಸಮಸ್ಯೆ ಇಲ್ಲ.

ಎರಡನ್ನೂ ಇಟ್ಟು ನೋಡಿದ ಮೇಲೆ ನನ್ನ ತೀರ್ಮಾನ ಇದು. 1989ರಲ್ಲಿ ಅರ್ಜಿಯ ಬಾಗಿಲು ತೆರೆದದ್ದು ಸರಿ. ಪರೀಕ್ಷೆ ಇಟ್ಟದ್ದೂ ಸರಿ. ಅರ್ಜಿಯ ಬಾಗಿಲನ್ನು ಪೂರ್ತಿ ಮುಚ್ಚಿದ್ದು ತಪ್ಪು. ಇಷ್ಟು ವರ್ಷ ಕೆಲಸ ಮಾಡಿದವರು ಪರೀಕ್ಷೆಯನ್ನೋ ಕೆಲಸದ ಲೆಕ್ಕವನ್ನೋ ಆರಿಸಿಕೊಳ್ಳಲಿ ಅಂತ ಬಿಟ್ಟಿದ್ದರೆ, ಒಂದೇ ಮೇಜಿನ ಇಬ್ಬರಿಗೆ ಎರಡು ಅಳತೆ ಆಗುತ್ತಿರಲಿಲ್ಲ. ಬಾಗಿಲು ತೆರೆದಿಟ್ಟರೆ ಪ್ರಮಾಣಪತ್ರದ ಬೆಲೆ ಇಳಿಯುತ್ತದೆ ಅನ್ನುವ ಭಯ ನನಗೆ ಅರ್ಥವಾಗುತ್ತದೆ. ಆದರೆ ಮೊದಲ ಪಟ್ಟಿಯವರಿಂದ ಇಳಿಯದ ಬೆಲೆ ಅವರಷ್ಟೇ ಅನುಭವ ಇರುವವರಿಂದ ಯಾಕೆ ಇಳಿಯಬೇಕು?

ನಮ್ಮ ರೆಕಾರ್ಡ್ ರೂಮಿನಲ್ಲಿ

ನಮ್ಮಲ್ಲಿ 1891ರಲ್ಲಿ ಕಲ್ಕತ್ತದಲ್ಲಿ ಶುರುವಾದ ಇಂಪೀರಿಯಲ್ ರೆಕಾರ್ಡ್ ಇಲಾಖೆಯೇ ಇವತ್ತಿನ ದೆಹಲಿಯ ರಾಷ್ಟ್ರೀಯ ಪತ್ರಾಗಾರ. ಅದು ಒಂದು ವರ್ಷದ ಡಿಪ್ಲೊಮಾ ನಡೆಸುತ್ತದೆ. 1993ರ ಸಾರ್ವಜನಿಕ ದಾಖಲೆಗಳ ಕಾಯ್ದೆ ಪ್ರಕಾರ ಕೇಂದ್ರ ಸರ್ಕಾರದ ಕಚೇರಿಗಳು ಒಬ್ಬ ದಾಖಲೆ ಅಧಿಕಾರಿಯನ್ನು ಗೊತ್ತುಮಾಡಬೇಕು. ದಾಖಲೆಯನ್ನು ನಿಯಮ ಮೀರಿ ನಾಶ ಮಾಡಿದರೆ ಐದು ವರ್ಷದವರೆಗೆ ಜೈಲು, ಇಲ್ಲವೇ ಹತ್ತು ಸಾವಿರ ರೂಪಾಯಿವರೆಗೆ ದಂಡ, ಎರಡೂ ಆಗಬಹುದು. ಹಾಳುಮಾಡಿದವರಿಗೆ ಶಿಕ್ಷೆ ಇದೆ, ಕಾಯುವವರಿಗೆ ನೋಂದಣಿ ಇಲ್ಲ.

ಕರ್ನಾಟಕದ ದಾಖಲೆಗಳ ಕಥೆ ಇನ್ನೂ ಗೋಜಲು. ಧಾರವಾಡ, ಬೆಳಗಾವಿ ಕಡೆ ಹಳೇ ಕಂದಾಯ ಕಾಗದ ಮೋಡಿ ಲಿಪಿಯಲ್ಲಿವೆ, ಅಂದರೆ ಮರಾಠಿಯ ಹಳೇ ಕೂಡುಬರಹದಲ್ಲಿ. ಕಲಬುರಗಿ ಕಡೆ ನಿಜಾಮರ ಕಾಲದವು ಉರ್ದುವಿನಲ್ಲಿ. ಮೈಸೂರಿನವು ಕನ್ನಡ, ಇಂಗ್ಲಿಷ್. ಮಠಗಳಲ್ಲಿ ಕಡತಗಳಿವೆ. ಈಗ ಆಫೀಸಿನ ಫೈಲಿಗೆ ಕಡತ ಅನ್ನುತ್ತೇವೆ, ಮೊದಲು ಅದು ಬಟ್ಟೆಗೆ ಕಪ್ಪು ಬಳಿದು ಬಳಪದಲ್ಲಿ ಬರೆಯುತ್ತಿದ್ದ ಮಡಿಕೆ ಪುಸ್ತಕ. ಶೃಂಗೇರಿಯ ಕಡತಗಳು ಹೆಸರಾದವು. ಇವನ್ನೆಲ್ಲ ಓದಬಲ್ಲವರಲ್ಲಿ ಡಿಪ್ಲೊಮಾ ಇರುವವರು ಕಡಿಮೆ. ಮೋಡಿಯನ್ನು ಅಪ್ಪನಿಂದಲೋ ಹಿರಿಯ ಗುಮಾಸ್ತರಿಂದಲೋ ಕಲಿತವರೇ ಜಾಸ್ತಿ.

ಕೆಲವು ವರ್ಷದ ಹಿಂದೆ ಉತ್ತರ ಕರ್ನಾಟಕದ ಒಂದು ಕಚೇರಿಯ ರೆಕಾರ್ಡ್ ರೂಮಿಗೆ ಹಳೇ ಕಾಗದ ಹುಡುಕಿಕೊಂಡು ಹೋಗಿದ್ದೆ. ಅಲ್ಲಿ ನಿವೃತ್ತಿಗೆ ಹತ್ತಿರವಾಗಿದ್ದ ಒಬ್ಬ ಡಿ ದರ್ಜೆ ನೌಕರರಿದ್ದರು. ಎಲ್ಲರೂ ಅವರನ್ನು ಕಾಕಾ ಅನ್ನುತ್ತಿದ್ದರು, ನಾನೂ ಅಂದೆ. ಕೆಂಪು ಬಟ್ಟೆಯ ನೂರಾರು ಕಟ್ಟು, ಬಹಳಷ್ಟರ ಚೀಟಿ ಉದುರಿಹೋಗಿತ್ತು. ಅವರು ಸುಮ್ನೆ ಸಾಲುದ್ದ ನಡೆದು, ಮೇಲಿನ ಹಲಗೆಯಿಂದ ಒಂದು ಕಟ್ಟು ಇಳಿಸಿ ನನ್ನ ಮುಂದಿಟ್ಟರು. ನನಗೆ ಬೇಕಾದ ಊರಿನದೇ.

“ಕಾಕಾ, ಚೀಟಿನೇ ಇಲ್ಲ, ಇದ ಅಂತ ಹೆಂಗ ಗೊತ್ತಾತ್ರಿ?” ಅಂದೆ.

“ಚೀಟಿ ಯಾಕ ಬೇಕ್ರೀ? ಗಂಟ ನೋಡ್ರಿ. ಹಿಂಗ ಎರಡ ಸುತ್ತ ಹಾಕಿ ಕಟ್ಟೋರು ನಮ್ಮ ಹಿಂದಿನ ರೆಕಾರ್ಡ್ ಕೀಪರ್ ಒಬ್ರ. ಅವ್ರ ಕಾಲದಾಗ ಆ ತಾಲೂಕಿನ ಕಾಗದ ಇದ ಸಾಲಿನ್ಯಾಗ ಇರ್ತಿದ್ವು.”

ಯಾರು ಯಾವಾಗ ಹೇಗೆ ಇಟ್ಟರು ಅನ್ನೋದು ದಾಖಲೆಯ ಅರ್ಥದ ಭಾಗ ಅಂತ ಆರ್ಕೈವ್ಸ್ ಪಾಠದ ಮೊದಲ ದಿನ ಹೇಳುತ್ತಾರೆ. ಕಾಕಾ ಹೇಳಿದ್ದೂ ಅದನ್ನೇ. ಅವರು ಎಸ್ಸೆಸ್ಸೆಲ್ಸಿ ದಾಟಿರಲಿಲ್ಲ. ನೂರು ಪ್ರಶ್ನೆಯ ಪತ್ರಿಕೆ ಕೊಟ್ಟಿದ್ದರೆ ಪಾಸಾಗುತ್ತಿರಲಿಲ್ಲ ಅನ್ನೋದು ಖಂಡಿತ. ಅವರೊಬ್ಬರೇ ಆರ್ಕೈವಿಸ್ಟ್ ಆಗಿದ್ದರೆ ಸಾಕಾಗುತ್ತಿತ್ತು ಅಂತಲೂ ಹೇಳಲಾರೆ. ಆ ಕೋಣೆಯ ಒಂದು ಗೋಡೆಯಲ್ಲಿ ಗೆದ್ದಲು ಹತ್ತಿತ್ತು, ಅದಕ್ಕೆ ಏನು ಮಾಡಬೇಕು ಅಂತ ಅವರಿಗೆ ಯಾರೂ ಕಲಿಸಿರಲಿಲ್ಲ.

ನಮ್ಮಲ್ಲಿ ಪಟ್ಟಿ ಬರುವುದಾದರೆ ಅದರ ಮೊದಲ ನಿಯಮ ಬರೆಯುವವರು ಇಂಥ ಕೋಣೆಗಳಲ್ಲಿ ಒಂದು ವಾರ ಕೂತು ಬರಲಿ. ಡಿಪ್ಲೊಮಾ ಒಂದು ದಾರಿ ಆಗಲಿ. ಮೋಡಿ, ಉರ್ದು, ಕಡತ ಓದಿ ತೋರಿಸುವುದು, ಒಂದು ಕಟ್ಟನ್ನು ಬಿಚ್ಚಿ ಕ್ರಮ ಕೆಡದಂತೆ ಪಟ್ಟಿ ಮಾಡಿ ತೋರಿಸುವುದು ಇನ್ನೊಂದು ದಾರಿ ಆಗಲಿ, ಕನ್ನಡದಲ್ಲೇ ಆಗಲಿ. ಎರಡನೆಯದಕ್ಕೆ ಕೊನೆಯ ದಿನಾಂಕ ಹಾಕುವುದು ಬೇಡ. ಓದಿ ಬಂದವರಿಗೆ ಆರು ತಿಂಗಳು ರೆಕಾರ್ಡ್ ರೂಮು, ರೆಕಾರ್ಡ್ ರೂಮಿನವರಿಗೆ ಸಂಬಳ ಸಹಿತ ಆರು ತಿಂಗಳು ಪಾಠ. ಇದರ ಖರ್ಚು ಸರ್ಕಾರದ್ದು, ಕೆಲಸಗಾರರದ್ದಲ್ಲ.

ಕಾಕಾ ನಿವೃತ್ತರಾದರು ಅಂತ ಆಮೇಲೆ ಕೇಳಿದೆ. ಅವರ ಜಾಗಕ್ಕೆ ಹೊರಗುತ್ತಿಗೆಯ ಒಬ್ಬ ಹುಡುಗ ಬಂದಿದ್ದಾನೆ. ಕಟ್ಟುಗಳ ಹಳೇ ಬಟ್ಟೆ ಬಿಚ್ಚಿ ಹೊಸ ರಟ್ಟಿನ ಪೆಟ್ಟಿಗೆಗೆ ತುಂಬುವ ಕೆಲಸ ಶುರುವಾಗಿದೆಯಂತೆ. ಯಾವ ಗಂಟು ಯಾರದು ಅಂತ ಅವನಿಗೆ ಹೇಳಿಕೊಡಲು ಕಾಕಾ ಅವರನ್ನು ಯಾರೂ ಕರೆದಿಲ್ಲ.